ಸ್ಪೀಕರ್ ವೈರಿಗೆ ಸ್ಕಿನ್ ಎಫೆಕ್ಟ್ ಕಾಟ ಇದೆಯಾ?

ಮಳೆಗಾಲ ಮುಗಿದ ಮೇಲೆ ವಿರಾಜಪೇಟೆ ಹತ್ತಿರದ ಒಂದು ತೋಟದ ಮನೆಗೆ ಹೋಗಿದ್ದೆ. ಜಗಲಿಯ ಸ್ಪೀಕರಿನಲ್ಲಿ ಸದ್ದು ಸಣ್ಣದಾಗಿದೆ, ನಡುನಡುವೆ ಕರಕರ ಅನ್ನುತ್ತದೆ ಎಂದು ಯಜಮಾನರ ದೂರು. "ಸ್ಕಿನ್ ಎಫೆಕ್ಟ್ ಅಂತೆ. ಬೆಳ್ಳಿ ಲೇಪದ ಕೇಬಲ್ ಹಾಕಿಸ್ಬೇಕಂತೆ. ಹೌದಾ?" ಅಂತ ಕೇಳಿದರು.

ಸ್ಕಿನ್ ಎಫೆಕ್ಟ್ ಸುಳ್ಳಲ್ಲ. 1883ರಲ್ಲೇ ಇಂಗ್ಲೆಂಡಿನ ಗಣಿತಜ್ಞ ಹೊರೇಸ್ ಲ್ಯಾಂಬ್ ಇದನ್ನು ಗೋಲಾಕಾರದ ವಾಹಕಕ್ಕೆ ಲೆಕ್ಕ ಹಾಕಿ ತೋರಿಸಿದ್ದರು. ಏರಿಳಿಯುವ ಕರೆಂಟು ತಂತಿಯ ಒಳಗೂ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಆ ಕ್ಷೇತ್ರ ನಡುಭಾಗದ ಕರೆಂಟಿಗೇ ಅಡ್ಡ ಬರುತ್ತದೆ. ಹಾಗಾಗಿ ಕರೆಂಟು ಅಂಚಿಗೆ ಸರಿಯುತ್ತದೆ. ಇದೇ ಸ್ಕಿನ್ ಎಫೆಕ್ಟ್; ಹೊರಮೈಗೆ ಬೆಳ್ಳಿ ಲೇಪ ಅನ್ನುವ ಮಾತು ಬರುವುದು ಅದಕ್ಕೇ. ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಆಗುವ ಏರಿಳಿತದ ಸಂಖ್ಯೆ, ಏರಿದಷ್ಟೂ ಈ ಸರಿಯುವಿಕೆ ಜಾಸ್ತಿ. ತಾಮ್ರದಲ್ಲಿ ಕರೆಂಟು ಇಳಿಯುವ ಆಳ 50 ಹರ್ಟ್ಸ್‌ನಲ್ಲಿ ಸುಮಾರು 9.3 ಮಿ.ಮೀ., 1 ಕಿಲೋಹರ್ಟ್ಸ್‌ನಲ್ಲಿ 2.1, ಕಿವಿಯ ಮಿತಿಯಾದ 20 ಕಿಲೋಹರ್ಟ್ಸ್‌ನಲ್ಲಿ 0.47.

2.5 ಸ್ಕ್ವೇರ್ ಎಂಎಂ (ಕತ್ತರಿಸಿದಾಗ ಕಾಣುವ ಮುಖದ ವಿಸ್ತೀರ್ಣ) ಒಂಟಿ ತಂತಿಯ ನಡುವಿನಿಂದ ಅಂಚಿಗೆ 0.9 ಮಿ.ಮೀ. ಅಂದರೆ ಹಾಡು, ಮಾತು, ವಾಲಗದ ಬಹುಪಾಲು ಸದ್ದಿಗೆ ಇಡೀ ತಂತಿಯೇ ದಾರಿ. ತೀರಾ ಮೇಲೆ, 20 ಕಿಲೋಹರ್ಟ್ಸ್‌ನಲ್ಲಿ ಮಾತ್ರ ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ತಡೆ) ಕಾಲು ಭಾಗದಷ್ಟು ಏರುತ್ತದೆ. ಕೇಳಿದರೆ ಗಾಬರಿಯಾಗುತ್ತದೆ, ಅಲ್ವಾ? ಆದರೆ ಯಾವುದರ ಕಾಲು ಭಾಗ? ಆ ಮನೆಯಲ್ಲಿ ಆಂಪ್ಲಿಫೈಯರ್‌ನಿಂದ ಜಗಲಿಗೆ 30 ಮೀಟರ್. ಹೋಗಿ ಬರಲು 60. ಆ ದಪ್ಪದ ವೈರಿನ ರೆಸಿಸ್ಟೆನ್ಸ್ 0.4 ಓಮ್, ಅದರ ಕಾಲು ಭಾಗ 0.1. ಸ್ಪೀಕರ್ 8 ಓಮಿನದು. ಸದ್ದಿನಲ್ಲಿ ಆಗುವ ವ್ಯತ್ಯಾಸ 0.1 ಡೆಸಿಬೆಲ್. ಯಾವ ಕಿವಿಗೂ ಸಿಗದು. ಅಷ್ಟುದ್ದದ ವೈರಿನ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಅದರದೇ ಕಾಂತಕ್ಷೇತ್ರ ಒಡ್ಡುವ ತಡೆ) ಅಲ್ಲಿ ಇದಕ್ಕಿಂತ ಜಾಸ್ತಿ ತಿನ್ನುತ್ತದೆ.

ಅಲ್ಲಿ ಹಾಕಿದ್ದದ್ದು ಮಾತ್ರ 0.5 ಸ್ಕ್ವೇರ್ ಎಂಎಂ ವೈರು. ಅಷ್ಟು ಸಣ್ಣ ತಂತಿಗೆ ಸ್ಕಿನ್ ಎಫೆಕ್ಟ್ ಲೆಕ್ಕಕ್ಕೇ ಇಲ್ಲ, ಆದರೆ ವೈರಿನದೇ 2 ಓಮ್ ಇದೆ. ಸ್ಪೀಕರಿಗೆ ಹೋಗಬೇಕಾದ ಪವರ್‌ನಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಖೋತಾ. ಸ್ಪೀಕರನ್ನು ಬಿಟ್ಟು, ಅದರ ಟರ್ಮಿನಲ್‌ವರೆಗಿನ ದಾರಿ ಅಳೆದರೆ ಮೀಟರು 4 ಓಮ್ ತೋರಿಸಿತು! ಉಳಿದ 2 ಎಲ್ಲಿಂದ ಬಂತು? ಸ್ಪೀಕರಿನ ಹಿಂದಿನ ಟರ್ಮಿನಲ್ ಬಿಚ್ಚಿದೆ. ಸ್ಕ್ರೂ ಬೆರಳಲ್ಲೇ ತಿರುಗಿತು. ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹತ್ತಿತ್ತು. ನಮ್ಮ ಕೊಡಗಿನ ಮಳೆಯಲ್ಲಿ ತೆರೆದ ಜಗಲಿಯ ಜಾಯಿಂಟ್ ಹೀಗಾಗದೆ ಇರುವುದೇ ಅಪರೂಪ. ಎರಡಿಂಚು ಕತ್ತರಿಸಿ, ಕೆಂಪು ತಾಮ್ರ ಕಾಣುವಂತೆ ಸುಲಿದು, ಗಟ್ಟಿಯಾಗಿ ಕಟ್ಟಿದೆ. ಮೀಟರು 2ಕ್ಕೆ ಇಳಿಯಿತು. ಕರಕರ ನಿಂತಿತು.

ಮರುದಿನ ಗೋಣಿಕೊಪ್ಪದ ಅಂಗಡಿಯಿಂದ ಮಾಮೂಲಿ 2.5ರ ತಾಮ್ರದ ವೈರು ತಂದು ಎಳೆದೆವು. ಹಳೆಯ ವೈರನ್ನು ಯಜಮಾನರು ಬಿಸಾಡಲಿಲ್ಲ. ಗೇಟಿನ ಕಾಲಿಂಗ್ ಬೆಲ್ಲಿಗೆ ಹಾಕಿಸಿಕೊಂಡರು.