ಮರೀನ್ ಡ್ರೈವ್ ಬಾಲ್ಕನಿ ಬೇಕು ಅನ್ನುವವರಿಗೆ

ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಮನೆ ಕಟ್ಟಲು ಪ್ಲಾನ್ ಕೇಳಿಕೊಂಡು ಬರುವವರಲ್ಲಿ ಮುಂಬೈಯಲ್ಲಿ ದುಡಿದವರು ಜಾಸ್ತಿ. ‘ಮರೀನ್ ಡ್ರೈವಿನ ಹಾಗೆ ದುಂಡು ಬಾಲ್ಕನಿ ಬೇಕು’ ಅನ್ನುತ್ತಾರೆ. ಚಂದವೇ. ಆದರೆ ಆ ಕಟ್ಟಡಗಳು ಪಟ್ಟ ಪಾಡೂ ಗೊತ್ತಿರಬೇಕು.

ಮರೀನ್ ಡ್ರೈವ್ ಅಂದರೆ ಮುಂಬೈಯ ಕಡಲ ಬದಿಯ ರಸ್ತೆ. ಆ ಜಾಗ ಮೊದಲು ಸಮುದ್ರವೇ ಆಗಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಹತ್ತಿ ಸಿಗದಾದಾಗ ಮುಂಬೈಗೆ ಹತ್ತಿ ವ್ಯಾಪಾರದಿಂದ ಹಣ ಹರಿದು ಬಂತು. ಬ್ಯಾಕ್ ಬೇ ಎಂಬ ಅಲ್ಲಿನ ಕೊಲ್ಲಿಯನ್ನು ಮಣ್ಣು ತುಂಬಿಸಿ ನೆಲ ಮಾಡಲು ಕಂಪನಿ ಹುಟ್ಟಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಬಿತ್ತು, ಕಂಪನಿಯೂ ಮುಳುಗಿತು. 1920ರ ದಶಕದಲ್ಲಿ ಮುಂಬೈ ಗವರ್ನರ್ ಜಾರ್ಜ್ ಲಾಯ್ಡ್ ಮತ್ತೆ ಕೈಹಾಕಿದರು. 1145 ಎಕರೆ ತುಂಬಿಸುವ ಲೆಕ್ಕ. ಆದರೆ ಕಡಲಡಿಯಿಂದ ಎತ್ತಿ ಸುರಿದ ಕೆಸರು ತಡೆಗೋಡೆಯ ಸಂದಿಗಳಿಂದ ಮತ್ತೆ ಕಡಲಿಗೇ ಸೋರಿತು! ಕೊನೆಗೆ ಸುಮಾರು 440 ಎಕರೆ ಮಾತ್ರ ಸಿಕ್ಕಿತು. ಈ ದುಂದುವೆಚ್ಚವನ್ನು ಮುಂಬೈಯ ವಕೀಲ, ಕಾಂಗ್ರೆಸ್ ನಾಯಕ ಕೆ.ಎಫ್. ನರಿಮನ್ ಬಯಲಿಗೆಳೆದರು. ಯೋಜನೆಯ ಇಂಜಿನಿಯರ್ ಒಬ್ಬರು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ನರಿಮನ್ ಗೆದ್ದರು ಕೂಡ. ನರಿಮನ್ ಪಾಯಿಂಟ್ ಅವರದೇ ಹೆಸರು.

1930, 40ರ ದಶಕಗಳಲ್ಲಿ ಅಲ್ಲಿ ಆರ್ಟ್ ಡೆಕೋ ಎಂಬ ಆ ಕಾಲದ ಹೊಸ ಶೈಲಿಯ ಮನೆಗಳು ಎದ್ದವು. ಕಾಂಕ್ರೀಟ್ ಆಗ ಹೊಸತು. ದುಂಡು ಮೂಲೆ, ಚಾಚಿದ ಬಾಲ್ಕನಿ ಸುಲಭವಾಗಿದ್ದು ಅದರಿಂದಲೇ. ಉಪ್ಪುಗಾಳಿ ಕಾಂಕ್ರೀಟಿನ ಒಳಗೆ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ರಿಪೇರಿ ಮಾಡುತ್ತಲೇ ಇರಬೇಕು. ಅದಕ್ಕೆ ಹಣ ಎಲ್ಲಿ? 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟದಲ್ಲೇ ಕಟ್ಟಿಹಾಕಿತ್ತು. ಮಾಲೀಕರು ಕೈಬಿಟ್ಟರು. ಆ ಕಟ್ಟಡಗಳು ಸೊರಗಿದ್ದಕ್ಕೆ ಉಪ್ಪಿನಷ್ಟೇ ಈ ಕಾಯ್ದೆಯೂ ಕಾರಣ ಅಂತ ನನ್ನ ಅನಿಸಿಕೆ. 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೂ ಉಪ್ಪುಗಾಳಿ ನಿಂತಿಲ್ಲ, ಅಲ್ವಾ?

ನಮ್ಮಲ್ಲೂ ಅದೇ ಅರಬ್ಬೀ ಸಮುದ್ರ. ಮುರಕಲ್ಲಿನ ಗೋಡೆಯಲ್ಲಿ ತುಕ್ಕು ಹಿಡಿಯಲು ಕಂಬಿಯೇ ಇಲ್ಲ. ಸ್ಲ್ಯಾಬು, ಬಾಲ್ಕನಿಯಲ್ಲೇ ತೊಂದರೆ. ಕಡಲ ಹೊಯಿಗೆ (ಮರಳು) ಕಾಂಕ್ರೀಟಿಗೆ ಬೇಡವೇ ಬೇಡ. ಉಪ್ಪುಗಾಳಿ ಬಡಿಯುವ ಕಡೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕನಿಷ್ಠ ಎಂ30 ದರ್ಜೆಯ ಬಲದ ಕಾಂಕ್ರೀಟ್, ಕಂಬಿಯ ಹೊರಗೆ 45 ಮಿಲಿಮೀಟರ್ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಬೇಕು. ಚಾಚಿದ ಬಾಲ್ಕನಿಯಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರುತ್ತದೆ. ಕೆಲಸದವರು ಓಡಾಡುವಾಗ ತುಳಿದರೆ ಅದು ಕೆಳಗೆ ಇಳಿಯುತ್ತದೆ, ಬಾಲ್ಕನಿಯ ಬಲವೇ ಹೋಗುತ್ತದೆ. ಅದಕ್ಕೇ ಕಾಂಕ್ರೀಟ್ ಹಾಕುವ ದಿನ ಸೈಟಿನಲ್ಲಿ ನೀವೇ ನಿಲ್ಲಿ, ಟೇಪ್ ಹಿಡಿದು ಅಳೆಯಿರಿ.