ಮಂಡಿಯ ಗ್ರೀಸ್ ಎಂಬ ಕಥೆ

ಅರವತ್ತು ದಾಟಿದವರು ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ಮುಖ ಕಿವಿಚಿದರೆ ಸಾಕು, ‘ಮಂಡಿಯ ಗ್ರೀಸ್ ಖಾಲಿಯಾಗಿದೆ’ ಎಂಬ ರೋಗನಿರ್ಣಯ ಅಕ್ಕಪಕ್ಕದವರಿಂದ ಪುಕ್ಕಟೆಯಾಗಿ ದೊರೆಯುತ್ತದೆ. ಬೆನ್ನಿಗೇ ಚಿಕಿತ್ಸೆಯೂ ಬರುತ್ತದೆ: ರಾತ್ರಿ ನೆನೆಸಿಟ್ಟ ಬೆಂಡೆಕಾಯಿಯ ಲೋಳೆಯನ್ನು ಬೆಳಿಗ್ಗೆ ಕುಡಿಯಬೇಕು, ಎಕ್ಕದ ಎಲೆಯನ್ನು ಬಿಸಿ ಮಾಡಿ ಮಂಡಿಗೆ ಕಟ್ಟಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಓಡಾಟ ಕಡಿಮೆ ಮಾಡಬೇಕು. ಬೆಂಡೆಕಾಯಿಯ ಲೋಳೆ ಕರುಳಿನಲ್ಲೇ ಮುಗಿದುಹೋಗುತ್ತದೆ, ಅದು ಲೋಳೆಯಾಗಿಯೇ ಮಂಡಿ ತಲುಪಲು ದಾರಿಯಿಲ್ಲ. ಎಕ್ಕದ ಹಾಲು ತಾಗಿದರೆ ಚರ್ಮ ಸುಟ್ಟಂತಾಗುತ್ತದೆ. ಇವೆರಡನ್ನೂ ಹೇಗೋ ಸಹಿಸಬಹುದು, ಆದರೆ ಮೂರನೆಯ ಸಲಹೆ ಮಂಡಿಯನ್ನೇ ಹಾಳುಮಾಡುತ್ತದೆ.

ಜನ ಗ್ರೀಸ್ ಎಂದು ಕರೆಯುವ ಕೀಲುದ್ರವ ಆರೋಗ್ಯವಂತ ಮಂಡಿಯೊಳಗೆ ಇರುವುದು ಕೆಲವೇ ಮಿಲಿಲೀಟರ್. ನೋವಿನ ಮಂಡಿಯಲ್ಲಿ ಅದು ಬತ್ತಿರುತ್ತದೆ ಎಂದು ನಂಬಿದವರು, ಊದಿಕೊಂಡ ಮಂಡಿಗೆ ವೈದ್ಯರು ಸೂಜಿ ಹಾಕಿ ಅದರ ಹತ್ತು ಪಟ್ಟು ದ್ರವವನ್ನು ಹೊರತೆಗೆಯುವುದನ್ನು ಒಮ್ಮೆ ನೋಡಬೇಕು. ಉರಿಯೂತ ಬಂದ ಕೀಲಿನಲ್ಲಿ ದ್ರವ ಹೆಚ್ಚಾಗುತ್ತದೆ, ತೆಳುವೂ ಆಗುತ್ತದೆ. ಕೊರತೆ ಬೀಳುವುದು ಬೇರೆ ಕಡೆ.

ತೊಡೆಯೆಲುಬು ಮತ್ತು ಮೊಣಕಾಲಿನ ಕೆಳಗಿನ ಎಲುಬು ಸಂಧಿಸುವ ಕಡೆ ಎರಡರ ತುದಿಗೂ ಕೆಲವು ಮಿಲಿಮೀಟರ್ ದಪ್ಪದ ಮೃದ್ವಸ್ಥಿಯ (ಕಾರ್ಟಿಲೇಜ್) ಹೊದಿಕೆಯಿದೆ. ಅದರ ತೂಕದಲ್ಲಿ ಮುಕ್ಕಾಲು ಭಾಗದಷ್ಟು ನೀರು. ಈ ನೀರನ್ನು ಹಿಡಿದಿಡುವುದು ಅಗ್ರಿಕನ್ ಎಂಬ ದೈತ್ಯ ಅಣು, ಅದರ ತುಂಬ ಋಣ ವಿದ್ಯುದಾವೇಶ. ಆ ಆವೇಶ ಸೋಡಿಯಂ ಅಯಾನುಗಳನ್ನು ಸೆಳೆಯುತ್ತದೆ, ಅಯಾನುಗಳ ಹಿಂದೆ ನೀರು ನುಗ್ಗುತ್ತದೆ, ಇಡೀ ಪದರ ಉಬ್ಬಲು ಹವಣಿಸುತ್ತದೆ. ಉಬ್ಬದಂತೆ ತಡೆಯುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಹತ್ತಿ ಹಾಸಿಗೆಗೆ ಅಲ್ಲಲ್ಲಿ ದಾರ ಹಾಕಿ ಬಿಗಿಯದಿದ್ದರೆ ಹತ್ತಿ ಒಂದೆಡೆ ಗುಡ್ಡೆಯಾಗಿ ಹಾಸಿಗೆ ಮಲಗಲು ಬಾರದಂತಾಗುತ್ತದಲ್ಲ, ಕೊಲಾಜೆನ್ ಆ ದಾರದ ಕೆಲಸ ಮಾಡುತ್ತದೆ. ಅಗ್ರಿಕನ್ ಉಬ್ಬುವ ಬಲಕ್ಕೂ ಕೊಲಾಜೆನ್ ಬಿಗಿಯುವ ಬಲಕ್ಕೂ ನಡುವೆ ನಿಂತ ಈ ಬಿಗಿತದಿಂದಲೇ, ನಾವು ಹೆಜ್ಜೆ ಊರಿದ ಕ್ಷಣದಲ್ಲಿ ಭಾರದ ಬಹುಪಾಲನ್ನು ಒಳಗೆ ಸಿಕ್ಕಿಬಿದ್ದ ನೀರು ಹೊರುತ್ತದೆ. ಜನ ಮಂಡಿ ಸವೆತ ಎನ್ನುವ ಅಸ್ಥಿಸಂಧಿವಾತದ (ಆಸ್ಟಿಯೋಆರ್ಥ್ರೈಟಿಸ್) ಆರಂಭದಲ್ಲಿ ಸಡಿಲವಾಗುವುದು ಕೊಲಾಜೆನ್ ಜಾಲ. ಆಗ ಮೃದ್ವಸ್ಥಿ ಒಣಗುವುದಿಲ್ಲ. ಅದರ ನೀರಿನ ಪ್ರಮಾಣ ಹೆಚ್ಚುತ್ತದೆ, ಬಿಗಿತ ಮಾತ್ರ ಕಳೆದುಹೋಗುತ್ತದೆ.

ಈ ಪದರಕ್ಕೆ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಅದರೊಳಗಿನ ಜೀವಕೋಶಗಳಿಗೆ ಆಹಾರ ಬರುವುದು ಸುತ್ತಲಿನ ಕೀಲುದ್ರವದಿಂದ. ಗ್ಲೂಕೋಸ್‌ನಂತಹ ಚಿಕ್ಕ ಅಣುಗಳು ತಾವಾಗಿ ಹರಡಿಕೊಂಡು ಒಳಸೇರುತ್ತವೆ. ದೊಡ್ಡ ಅಣುಗಳು ಸಾಗಲು, ಕೀಲಿನ ಒಳಗಿನ ದ್ರವ ಕಲಕಲು, ಹೆಜ್ಜೆಯ ಒತ್ತಡ ಬಿದ್ದು ಬಿಡುತ್ತಿರಬೇಕು. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಅಲುಗದೆ ಉಳಿದವರ ಮಂಡಿಯ ಮೃದ್ವಸ್ಥಿ ತೆಳುವಾಗುತ್ತಾ ಹೋಗುವುದನ್ನು ಎಂಆರ್‌ಐ ಚಿತ್ರಗಳಲ್ಲಿ ಅಳೆದಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಒಂದು ವಿಶ್ಲೇಷಣೆಯಲ್ಲಿ, ಆರೋಗ್ಯಕ್ಕಾಗಿ ಓಡುವವರಲ್ಲಿ ಶೇ. 3.5 ಮಂದಿಗೆ ಮಂಡಿ ಅಥವಾ ಸೊಂಟದ ಕೀಲಿನ ಅಸ್ಥಿಸಂಧಿವಾತವಿದ್ದರೆ, ಓಡದೆ ಕುಳಿತವರಲ್ಲಿ ಅದು ಶೇ. 10.2 ಇತ್ತು, ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಇನ್ನೂ ಹೆಚ್ಚು. ಮಂಡಿ ಚೆನ್ನಾಗಿರುವವರೇ ಓಡುತ್ತಾರೆ ಎಂದು ವಾದಿಸಬಹುದು, ಅದರಲ್ಲಿ ಸ್ವಲ್ಪ ಹುರುಳೂ ಇದೆ. ಆದರೂ ಓಡಾಟದಿಂದಲೇ ಮಂಡಿ ಸವೆಯುತ್ತದೆ ಎನ್ನುವುದು ನಿಜವಾಗಿದ್ದರೆ ಅಂಕಿಗಳು ಹೀಗಿರುತ್ತಿರಲಿಲ್ಲ.

ಒಮ್ಮೆ ನಾಶವಾದ ಮೃದ್ವಸ್ಥಿ ಮತ್ತೆ ಬೆಳೆಯದು ಎಂಬುದನ್ನು ಸ್ಕಾಟ್ಲೆಂಡ್ ಮೂಲದ ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದರು. ಅದು ಇಂದಿಗೂ ಬಹುಮಟ್ಟಿಗೆ ನಿಜ. ಇದನ್ನು ಕೇಳಿದವರು ಎದೆಗುಂದುತ್ತಾರೆ, ಆದರೆ ನರಗಳೇ ಇಲ್ಲದ ಮೃದ್ವಸ್ಥಿಗೆ ನೋವೂ ಇಲ್ಲ ಎಂಬುದನ್ನು ಮರೆಯುತ್ತಾರೆ. ನೋವು ಹುಟ್ಟುವುದು ಮೃದ್ವಸ್ಥಿಯ ಅಡಿಯಲ್ಲಿರುವ ಎಲುಬಿನಲ್ಲಿ, ಕೀಲಿನ ಒಳಪೊರೆಯಲ್ಲಿ, ಸುತ್ತಲಿನ ಕಟ್ಟುಗಳಲ್ಲಿ (ಲಿಗಮೆಂಟ್). ಆದ್ದರಿಂದಲೇ ಎಕ್ಸ್‌ರೇಯಲ್ಲಿ ಅಂದಗೆಟ್ಟ ಮಂಡಿಯವರು ಸಲೀಸಾಗಿ ನಡೆಯುವುದೂ, ಎಕ್ಸ್‌ರೇ ಚೆನ್ನಾಗಿರುವವರು ನರಳುವುದೂ ಉಂಟು. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದುರ್ಬೀನು ತೂರಿಸಿ ಮಂಡಿಯನ್ನು ತೊಳೆದು ಕೆರೆದ ಶಸ್ತ್ರಚಿಕಿತ್ಸೆಗಿಂತ ಚರ್ಮಕ್ಕೆ ಬರೀ ಗಾಯ ಮಾಡಿ ಹೊಲಿದ ನಕಲಿ ಶಸ್ತ್ರಚಿಕಿತ್ಸೆ ಯಾವ ರೀತಿಯಲ್ಲೂ ಕಡಿಮೆಯಾಗಿರಲಿಲ್ಲ.

ಹಾಗಾದರೆ ಕೆಲಸಕ್ಕೆ ಬರುವುದು ಯಾವುದು? ತೊಡೆಯ ಮುಂಭಾಗದ ಸ್ನಾಯು. ಮಂಡಿ ಊದಿಕೊಂಡಾಗ ನರಮಂಡಲ ಈ ಸ್ನಾಯುವಿನ ಕೆಲಸವನ್ನು ತಾನಾಗಿಯೇ ತಗ್ಗಿಸಿಬಿಡುತ್ತದೆ. ಸ್ನಾಯು ಸೊರಗುತ್ತದೆ, ಕೀಲಿನ ಮೇಲೆ ಬೀಳುವ ಹೊಡೆತ ಹೆಚ್ಚುತ್ತದೆ, ನೋವು ಇನ್ನಷ್ಟಾಗುತ್ತದೆ. ಎತ್ತರದ ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ನೆಲಕ್ಕೆ ಊರಿ, ಕೈ ಆಧಾರವಿಲ್ಲದೆ ನಿಧಾನವಾಗಿ ಎದ್ದು, ಅದಕ್ಕಿಂತಲೂ ನಿಧಾನವಾಗಿ ಕುಳಿತುಕೊಳ್ಳುವ ಸರಳ ವ್ಯಾಯಾಮ ಈ ಸುಳಿಯನ್ನು ತುಂಡರಿಸುತ್ತದೆ. ಮೊದಲ ವಾರಗಳಲ್ಲಿ ತುಸು ನೋಯುವುದು ಸಹಜ. ಮರುದಿನದ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿದರೆ ಹಾನಿಯಾಗಿಲ್ಲವೆಂದೇ ಅರ್ಥ. ಮೈಭಾರ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಊರುಗೋಲನ್ನು ನೋವಿರುವ ಬದಿಯ ಕೈಯಲ್ಲಿ ಹಿಡಿಯುವವರೇ ಹೆಚ್ಚು. ಅದು ಇರಬೇಕಾದದ್ದು ಎದುರು ಬದಿಯ ಕೈಯಲ್ಲಿ. ಕುಕ್ಕರುಗಾಲಿನಲ್ಲಿ ಹೊತ್ತುಗಟ್ಟಲೆ ಕೂರುವ ಅಭ್ಯಾಸಕ್ಕೂ ಮಂಡಿಯ ಅಸ್ಥಿಸಂಧಿವಾತಕ್ಕೂ ನಂಟಿರುವುದು ಬೀಜಿಂಗಿನ ಹಿರಿಯರ ಅಧ್ಯಯನದಲ್ಲಿ ಕಂಡುಬಂದಿದೆ, ಆದ್ದರಿಂದ ಕಮೋಡ್ ಹಾಕಿಸಲು ನಾಚಬೇಕಿಲ್ಲ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ, ಹಚ್ಚುವ ಡೈಕ್ಲೊಫೆನಾಕ್ ಜೆಲ್‌ನಿಂದ ಆ ಅಪಾಯ ಬಹಳ ಕಡಿಮೆ. ಹೆಸರು, ವಿಳಾಸವಿಲ್ಲದ ಪೊಟ್ಟಣದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಅನುಮಾನಿಸಬೇಕು.

ಇಷ್ಟಾದರೂ ರಾತ್ರಿ ನಿದ್ದೆ ಕೆಡಿಸುವ ನೋವು ಉಳಿದವರಿಗೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಇದೆ. ಬರ್ಲಿನ್ನಿನಲ್ಲಿ ಶಸ್ತ್ರವೈದ್ಯ ಥೆಮಿಸ್ಟೊಕ್ಲಿಸ್ ಗ್ಲುಕ್ 1890ರಲ್ಲಿ ಕ್ಷಯದಿಂದ ಹಾಳಾದ ಮಂಡಿಗೆ ಆನೆದಂತದ ಕೀಲು ಕೂರಿಸಿದ್ದರು. ಸೋಂಕು ಆ ಪ್ರಯತ್ನವನ್ನು ಸೋಲಿಸಿತು. ಇಂದಿನ ಲೋಹ ಮತ್ತು ಪಾಲಿಎಥಿಲೀನ್ ಕೀಲುಗಳಲ್ಲಿ ಹೆಚ್ಚಿನವು ಹದಿನೈದು, ಇಪ್ಪತ್ತು ವರ್ಷ ಬಾಳುತ್ತವೆ. ಅದನ್ನು ಕೂರಿಸಿದ ಮೇಲೂ ರೋಗಿಯನ್ನು ವಾರಗಟ್ಟಲೆ ಮಲಗಿಸುವ ಕಾಲ ಹೋಗಿದೆ, ಅದೇ ದಿನ ಅಥವಾ ಮರುದಿನವೇ ವಾಕರ್ ಕೊಟ್ಟು ನಡೆಸುತ್ತಾರೆ.