ಡ್ಯಾಟ್ ಸ್ಕ್ಯಾನ್: ಅಲ್ಪವಿರಾಮ ಪೂರ್ಣವಿರಾಮವಾಗುವ ಚಿತ್ರ

ಕೈನಡುಕ ಶುರುವಾದವರಿಗೆ ಮಿದುಳಿನ ಎಂಆರ್‌ಐ ಮಾಡಿಸಿದಾಗ ‘ಎಲ್ಲವೂ ಸಹಜ’ ಎಂಬ ವರದಿ ಬಂದರೂ ವೈದ್ಯರು ಪಾರ್ಕಿನ್ಸನ್ ಕಾಯಿಲೆಯನ್ನೇ ಶಂಕಿಸುವುದುಂಟು. ಮನೆಯವರಿಗೆ ಇದು ಗೊಂದಲವೆನಿಸಿದರೆ ಆಶ್ಚರ್ಯವಿಲ್ಲ. ಸಾಮಾನ್ಯ ಎಂಆರ್‌ಐ ಮುಖ್ಯವಾಗಿ ಮಿದುಳಿನ ರಚನೆಯನ್ನು ತೋರಿಸುತ್ತದೆ. ಈ ಕಾಯಿಲೆಯಲ್ಲಿ ಮೊದಲು ಸೊರಗುವುದಾದರೋ ಡೋಪಮಿನ್ ಎಂಬ ರಾಸಾಯನಿಕವನ್ನು ಒದಗಿಸುವ ನರಕೋಶಗಳ ತುದಿಗಳು. ಆ ತುದಿಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನು ಚಿತ್ರವಾಗಿಸುವ ಪರೀಕ್ಷೆಯೇ ಡ್ಯಾಟ್ ಸ್ಕ್ಯಾನ್.

‘ಡ್ಯಾಟ್’ ಎಂದರೆ ಡೋಪಮಿನ್ ಟ್ರಾನ್ಸ್‌ಪೋರ್ಟರ್. ನಡುಮಿದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಛಾಯೆಯ ಭಾಗವಿದೆ. ಅಲ್ಲಿಂದ ಹೊರಟ ನರತಂತುಗಳು ಮಿದುಳಿನ ಆಳದ ಸ್ಟ್ರಯಾಟಮ್ ತಲುಪಿ ಡೋಪಮಿನ್ ಸ್ರವಿಸುತ್ತವೆ. ಹಾಗೆ ಸ್ರವಿಸಿದ್ದನ್ನು ಮರಳಿ ಒಳಗೆಳೆದುಕೊಳ್ಳುವ ಪ್ರೋಟೀನೇ ಈ ಟ್ರಾನ್ಸ್‌ಪೋರ್ಟರ್. ತುದಿ ನಶಿಸಿದಲ್ಲಿ ಅದೂ ಇರುವುದಿಲ್ಲ. ವಿಕಿರಣ ಸೂಸುವ ಅಯೋಡಿನ್-123 ಬೆರೆತ ಅಯೋಫ್ಲುಪೇನ್ ಎಂಬ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿದರೆ ಅದು ಹೋಗಿ ಈ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, 3ರಿಂದ 6 ಗಂಟೆಗಳ ನಂತರ ಗಾಮಾ ಕ್ಯಾಮೆರಾ ಅದರ ವಿಕಿರಣವನ್ನು ಹಿಡಿದು ಚಿತ್ರ ರೂಪಿಸುತ್ತದೆ.

ಆ ಚಿತ್ರವನ್ನು ಒಮ್ಮೆ ಕಂಡವರು ಮರೆಯಲಾರರು. ಆರೋಗ್ಯವಂತರಲ್ಲಿ ಎಡಬಲಕ್ಕೆ ಒಂದೊಂದು ಅಲ್ಪವಿರಾಮ ಬೆಳಗುತ್ತಿರುತ್ತದೆ: ದಪ್ಪ ತಲೆ ಕಾಡೇಟ್, ಬಾಲ ಪುಟಾಮೆನ್; ಎರಡೂ ಸ್ಟ್ರಯಾಟಮ್‌ನ ಭಾಗಗಳೇ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಬಾಲವೇ ಮೊದಲು, ಅದೂ ಹಿಂತುದಿಯಿಂದ, ಮಸುಕಾಗುತ್ತಾ ಬಂದು ಕೊನೆಗೆ ದುಂಡನೆಯ ಪೂರ್ಣವಿರಾಮವಷ್ಟೇ ಉಳಿಯುತ್ತದೆ. ಸಾಮಾನ್ಯವಾಗಿ ಒಂದು ಬದಿ ಹೆಚ್ಚು ಮಂಕಾಗಿರುತ್ತದೆ. ದೇಹದ ಬಲಭಾಗವನ್ನು ನಿಯಂತ್ರಿಸುವುದು ಮಿದುಳಿನ ಎಡಬದಿಯಾದ್ದರಿಂದ, ಬಲಗೈ ಹೆಚ್ಚು ನಡುಗುತ್ತಿದ್ದರೆ ಎಡಬದಿ. ರೋಗಿಯ ದೇಹ ಹೇಳುತ್ತಿದ್ದುದನ್ನೇ ಚಿತ್ರವೂ ಹೇಳುವ ಈ ಹೊಂದಾಣಿಕೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆದರೆ ಇದನ್ನು ‘ಪಾರ್ಕಿನ್ಸನ್ ಪರೀಕ್ಷೆ’ ಎಂದು ಕರೆಯುವುದು ಸರಿಯಲ್ಲ. ಎಸೆನ್ಷಿಯಲ್ ಟ್ರೆಮರ್ ಎಂಬ ಬೇರೆ ಬಗೆಯ ನಡುಕದಲ್ಲಿ ಚಿತ್ರ ಸಹಜವಾಗಿರುವುದರಿಂದ ಎರಡನ್ನೂ ಬೇರ್ಪಡಿಸಲು ಇದು ನೆರವಾಗುತ್ತದೆ ನಿಜ. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಂಥ ಕಾಯಿಲೆಗಳಲ್ಲೂ ಇದೇ ತುದಿಗಳು ನಶಿಸುವುದರಿಂದ ಅವುಗಳನ್ನು ಪಾರ್ಕಿನ್ಸನ್‌ನಿಂದ ಖಚಿತವಾಗಿ ಬೇರ್ಪಡಿಸಲು ಇದೊಂದೇ ಸಾಲದು. ಬುಪ್ರೊಪಿಯಾನ್‌ನಂಥ ಕೆಲವು ಔಷಧಗಳು ಅದೇ ಪ್ರೋಟೀನನ್ನು ಆಕ್ರಮಿಸಿ ಚಿತ್ರವನ್ನು ಕೆಡಿಸಬಲ್ಲವು. ಸೇವಿಸುತ್ತಿರುವ ಮಾತ್ರೆಗಳನ್ನೆಲ್ಲ ಮೊದಲೇ ತಿಳಿಸಬೇಕಾದದ್ದು ಇದಕ್ಕಾಗಿಯೇ.

ಡ್ಯಾಟ್ ಸ್ಕ್ಯಾನ್ ತಂತುಗಳ ತುದಿಯನ್ನು ನೋಡಿದರೆ, ಅವುಗಳ ಬುಡವನ್ನು ನೋಡುವ ಎಂಆರ್‌ಐ ವಿಧಾನಗಳೂ ಬಂದಿವೆ. ಕಬ್ಬಿಣದಂಶಕ್ಕೆ ಸೂಕ್ಷ್ಮವಾಗಿ ಸ್ಪಂದಿಸುವ ಅಂಥ ಒಂದು ಚಿತ್ರದಲ್ಲಿ ಆರೋಗ್ಯವಂತರ ಸಬ್‌ಸ್ಟಾನ್ಷಿಯಾ ನೈಗ್ರಾ ಹಕ್ಕಿಯ ಕವಲೊಡೆದ ಬಾಲದಂತೆ ಕಾಣುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಸಾಮಾನ್ಯವಾಗಿ ಆ ಕವಲು ಮುಚ್ಚಿಹೋಗಿರುತ್ತದೆ.